ಬಫಲೋ ನಗರಸಭೆಯಿಂದ ಅಧ್ಯಕ್ಷಪೀಠಕ್ಕೆ

ಪುರಸಭೆಯ ಸದಸ್ಯತ್ವವೆಂದರೆ ನಮ್ಮ ವಿದ್ಯಾವಂತರಲ್ಲಿ ಅನೇಕರಿಗೆ ಒಂದು ಬಗೆಯ ತಾತ್ಸಾರವುಂಟು. ಮೋರಿ, ಕಸ, ಬೀದಿದೀಪ, ನಲ್ಲಿನೀರು ಇವುಗಳ ವಿಚಾರವಾಗಿ ವಾದಿಸುವುದಕ್ಕೆ ಪದವೀಧರನಾಗಬೇಕೇ ಎಂದು ಕೇಳುವ ಮಹನೀಯರನ್ನು ನಾವು ಬಲ್ಲೆವು. ದೇಶಸೇವೆಗೆ ಮನಸ್ಸುಳ್ಳವನು ಶಾಸನಸಭೆಗೆ ಹೋಗತಕ್ಕದ್ದು, ಊರಿನ ಸೇವೆಯು ಗುತ್ತೇದಾರರಿಗೂ ಅವರ ನಂಟರಿಷ್ಟರಿಗೂ ಬಿಟ್ಟದ್ದು ಎಂಬ ಭಾವನೆ ಬಲವಾಗಿ ಬೇರೂರಿದೆ. ಗುತ್ತೇದಾರರು ಈ ಭಾವನೆಯನ್ನು ಎಂದಾದರೂ ಖಂಡಿಸಿದ್ದುಂಟೆಂದು ನಾವು ಕೇಳಿಲ್ಲ.

2024ನೆಯ ಇಸವಿಯ ಕೊನೆಯಲ್ಲಿ ಅಮೆರಿಕೆಯ ಚುನಾವಣೆಯ ಸಮಾಚಾರವನ್ನು ಓದಿದವರಿಗೆ ಗ್ರೋವರ್ ಕ್ಲೀವ್‌ಲೆಂಡ್ ಎಂಬ ಹಳೆಯ ಹೆಸರು ಕಣ್ಣಿಗೆ ಬಿದ್ದಿರಬಹುದು. ಒಮ್ಮೆ ಅಧ್ಯಕ್ಷಪದವಿಯನ್ನು ಕಳೆದುಕೊಂಡು, ನಾಲ್ಕು ವರ್ಷ ಹೊರಗಿದ್ದು, ಮರಳಿ ಅದೇ ಪೀಠಕ್ಕೆ ಬಂದವನು ಅಲ್ಲಿಯವರೆಗೆ ಅವನೊಬ್ಬನೇ. ಡೊನಾಲ್ಡ್ ಟ್ರಂಪರು ಎರಡನೆಯವರಾದರು. ಪತ್ರಿಕೆಗಳು ಅಷ್ಟನ್ನು ಹೇಳಿ ಸುಮ್ಮನಾದುವು. ನಮ್ಮ ಮಟ್ಟಿಗೆ ಅವನ ಚರಿತ್ರೆಯಲ್ಲಿ ಅದಕ್ಕಿಂತ ವಿಚಾರಾರ್ಹವಾದ ಸಂಗತಿ ಬೇರೊಂದಿದೆ. 1882ರ ಜನವರಿಯಲ್ಲಿ ಬಫಲೋ ಎಂಬ ಊರಿನ ಮೇಯರನಾಗಿ ಕುರ್ಚಿಯೇರಿದ ಈ ವಕೀಲನು 1885ರ ಮಾರ್ಚಿ 4ನೆಯ ದಿನ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷನಾಗಿ ಪ್ರಮಾಣವಚನ ಸ್ವೀಕರಿಸಿದನು. ನಡುವೆ ಕಳೆದದ್ದು ಮೂರು ವರ್ಷ ಎರಡು ತಿಂಗಳು ಮಾತ್ರ. ಯಾವ ಗುಣವು ಅವನನ್ನು ಇಷ್ಟು ವೇಗವಾಗಿ ಮೇಲಕ್ಕೆತ್ತಿತೋ ಅದನ್ನು ಅವನು ಕಲಿತದ್ದು ಊರಿನ ಕಚೇರಿಯಲ್ಲಿ. ಅಧ್ಯಕ್ಷನಾದ ಮೇಲೆ ಅವನನ್ನು ಕಟ್ಟಿಹಾಕಿದ್ದೂ ಅದೇ ಗುಣವೆಂಬುದು ನಮ್ಮ ಅಭಿಪ್ರಾಯ.

ಅವನು ಹುಟ್ಟಿದ್ದು 1837ರಲ್ಲಿ, ನ್ಯೂಜೆರ್ಸಿ ಸಂಸ್ಥಾನದ ಒಬ್ಬ ಬಡ ಪಾದ್ರಿಯ ಒಂಬತ್ತು ಮಕ್ಕಳಲ್ಲಿ ಐದನೆಯವನಾಗಿ. ಹದಿನಾರನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡನು. ಕಾಲೇಜಿನ ಮೆಟ್ಟಿಲನ್ನು ಹತ್ತಲಾಗಲಿಲ್ಲ. ಅಂಧರ ಪಾಠಶಾಲೆಯೊಂದರಲ್ಲಿ ಕೆಲವು ಕಾಲ ದುಡಿದು, 1855ರಲ್ಲಿ ಬಫಲೋ ನಗರಕ್ಕೆ ಬಂದು, ಪಶುಪಾಲನೆಯಲ್ಲಿ ಹೆಸರು ಮಾಡಿದ್ದ ಸಂಬಂಧಿಕನೊಬ್ಬನ ಆಶ್ರಯದಲ್ಲಿ ನಿಂತು, ವಕೀಲರ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಕುಳಿತೇ ಕಾನೂನನ್ನು ಓದಿ 1859ರಲ್ಲಿ ಸನ್ನದು ಪಡೆದನು. ಬಫಲೋ ಆಗ ಬೆಳೆಯುತ್ತಿದ್ದ ಊರು. ಈರೀ ಸರೋವರದ ಹಡಗುಗಳಲ್ಲಿ ಬಂದ ಪಶ್ಚಿಮದ ಗೋಧಿಯನ್ನು ಅಲ್ಲಿ ಇಳಿಸಿ ಕಾಲುವೆಯ ದೋಣಿಗಳಿಗೆ ತುಂಬಿ ನ್ಯೂಯಾರ್ಕಿಗೆ ಸಾಗಿಸುತ್ತಿದ್ದರು. 1880ರ ಗಣತಿಯಲ್ಲಿ ಅದರ ಜನಸಂಖ್ಯೆ ಒಂದೂವರೆ ಲಕ್ಷವನ್ನು ಮೀರಿತ್ತು. ವ್ಯಾಪಾರ ಬೆಳೆದ ಊರಿನಲ್ಲಿ ಕರವೂ ಬೆಳೆಯುತ್ತದೆ, ಕರ ಬೆಳೆದಲ್ಲಿ ಅದಕ್ಕೆ ಕೈಹಾಕುವವರೂ ಬೆಳೆಯುತ್ತಾರೆ.

ಅವನ ಮೊದಲ ದೊಡ್ಡ ಹುದ್ದೆ ಆ ಜಿಲ್ಲೆಯ ಷೆರೀಫನದು. 1871ರಿಂದ 1873ರವರೆಗೆ ಅದನ್ನು ನಡೆಯಿಸಿದನು. ಕಾರಾಗೃಹದ ಮೇಲ್ವಿಚಾರಣೆ ಮೊದಲಾದ ಕೆಲಸಗಳ ಜೊತೆಗೆ ಮರಣದಂಡನೆಯನ್ನು ಜಾರಿಗೊಳಿಸುವುದೂ ಷೆರೀಫನ ಹೊಣೆಯಾಗಿತ್ತು. ಹತ್ತು ಡಾಲರು ಕೊಟ್ಟರೆ ಕೈಕೆಳಗಿನವನೊಬ್ಬನು ಆ ಘೋರ ಕಾರ್ಯವನ್ನು ಮಾಡಲು ಸಿದ್ಧನಿರುತ್ತಿದ್ದನು. ಕ್ಲೀವ್‌ಲೆಂಡನು ಒಪ್ಪಲಿಲ್ಲ. ಕಾನೂನು ನನಗೆ ವಹಿಸಿದ ಕೆಲಸದ ಪಾಪವನ್ನು ಮತ್ತೊಬ್ಬನ ತಲೆಗೆ ಕಟ್ಟಲಾರೆನೆಂಬುದು ಅವನ ನಿಲುವು. 1872ರ ಸೆಪ್ಟೆಂಬರಿನಲ್ಲೊಮ್ಮೆ, 1873ರ ಫೆಬ್ರವರಿಯಲ್ಲೊಮ್ಮೆ, ಎರಡು ಸಲ, ಅವನೇ ನಿಂತು ಗಲ್ಲಿನ ಕೀಲನ್ನು ಎಳೆದನು. ಮರಣದಂಡನೆಯ ವಿಷಯದಲ್ಲಿ ನಮ್ಮ ಅಭಿಪ್ರಾಯವೇನೇ ಇರಲಿ, ಅಪ್ರಿಯವಾದ ಕೆಲಸವನ್ನು ಕೆಳಗಿನ ನೌಕರನ ಕೈಯಿಂದ ಮಾಡಿಸಿ ತಾನು ಕೈತೊಳೆದುಕೊಳ್ಳುವ ಪದ್ಧತಿ ಕಚೇರಿಗಳಲ್ಲಿ ಎಷ್ಟು ಸಾಮಾನ್ಯವೆಂಬುದನ್ನು ಬಲ್ಲ ನಮ್ಮ ವಾಚಕರು ಈ ನಡತೆಯ ಬೆಲೆಯನ್ನು ತಿಳಿಯಬಲ್ಲರು. ಆದರೆ ಸತ್ಯಕ್ಕೆ ಇನ್ನೊಂದು ಮುಖವನ್ನೂ ತೋರಿಸಬೇಕು. 1863ರಲ್ಲಿ, ಅಂತರ್ಯುದ್ಧದ ಮಧ್ಯದಲ್ಲಿ, ಸೈನ್ಯಕ್ಕೆ ಕರೆ ಬಂದಾಗ ಇದೇ ಮನುಷ್ಯನು 150 ಡಾಲರು ಕೊಟ್ಟು ಬೇರೊಬ್ಬ ವಲಸೆಗಾರನನ್ನು ತನಗೆ ಬದಲಾಗಿ ಕಳುಹಿಸಿದ್ದನು. ಕಾನೂನು ಅದಕ್ಕೆ ಅವಕಾಶವಿತ್ತಿದ್ದಿತು. ಅವನ ಇಬ್ಬರು ಸಹೋದರರು ಸೈನ್ಯದಲ್ಲಿದ್ದರು, ತಾಯಿ ತಂಗಿಯರ ಪೋಷಣೆ ಅವನ ಮೇಲಿತ್ತು. ಆದಾಗ್ಯೂ ಗಲ್ಲಿಗೆ ಬದಲಿ ಬೇಡವೆಂದವನು ಯುದ್ಧಕ್ಕೆ ಬದಲಿಯನ್ನು ಕಳುಹಿಸಿದನೆಂಬ ಮಾತನ್ನು ಅವನ ವಿರೋಧಿಗಳು ಕೊನೆಯವರೆಗೂ ಮರೆಯಲಿಲ್ಲ.

ಎಂಟು ವರ್ಷಗಳ ಕಾಲ ವಕೀಲಿಯಲ್ಲೇ ಇದ್ದು, 1881ರ ನವೆಂಬರಿನಲ್ಲಿ ಅವನು ಮೇಯರ್ ಸ್ಥಾನಕ್ಕೆ ಚುನಾಯಿತನಾದನು. ನಗರಸಭೆಯು ಗುತ್ತಿಗೆಗಳನ್ನು ಹಂಚಿಕೊಳ್ಳುವ ಪಂಕ್ತಿಯಾಗಿ ಹೋಗಿತ್ತು. ಅದರಲ್ಲಿ ಎರಡೂ ಪಕ್ಷದವರ ಎಲೆಗಳಿದ್ದುವು. ಸಾರ್ವಜನಿಕ ಅಧಿಕಾರಿಗಳು ಜನರ ಹಣಕ್ಕೆ ಧರ್ಮದರ್ಶಿಗಳು, ತಮ್ಮ ಸ್ವಂತ ವ್ಯವಹಾರದಲ್ಲಿ ತೋರುವ ಎಚ್ಚರವನ್ನೇ ಇಲ್ಲಿಯೂ ತೋರಿಸಬೇಕು ಎಂದು ಅವನು ಹೇಳಿದಾಗ ಸದಸ್ಯರು ಯಾರೂ ಗಾಬರಿಯಾಗಲಿಲ್ಲ. ಅಂಥ ಮಾತನ್ನು ಎಲ್ಲ ಮೇಯರುಗಳೂ ಹೇಳುವುದುಂಟು.

ಜೂನ್ ತಿಂಗಳಿನಲ್ಲಿ ಬೀದಿ ಗುಡಿಸುವ ಗುತ್ತಿಗೆ ಬಂದಿತು. ಐದು ವರ್ಷಗಳ ಅವಧಿಗೆ ನಗರದ ಬೀದಿಗಳನ್ನು ಶುಚಿಯಾಗಿಡುವ ಕೆಲಸಕ್ಕೆ ಹಲವರು ಟೆಂಡರು ಸಲ್ಲಿಸಿದ್ದರು. ನಗರಸಭೆಯು ಬಹುಮತದಿಂದ ಆರಿಸಿದ್ದು 4,22,500 ಡಾಲರುಗಳ ಟೆಂಡರನ್ನು. ಅತ್ಯಂತ ಕಡಿಮೆಯ ಟೆಂಡರಿಗಿಂತ ಅದು ಒಂದು ಲಕ್ಷ ಡಾಲರಿಗೂ ಮೇಲ್ಪಟ್ಟು ಹೆಚ್ಚಾಗಿತ್ತು. ಅಷ್ಟೇ ಅಲ್ಲ, ಅದೇ ಗುತ್ತೇದಾರನು ಕೆಲವೇ ವಾರಗಳ ಹಿಂದೆ ಅದೇ ಕೆಲಸಕ್ಕೆ ತಾನೇ ಒಪ್ಪಿದ್ದ ಮೊತ್ತಕ್ಕಿಂತಲೂ ಐವತ್ತು ಸಾವಿರ ಡಾಲರಿಗೆ ಮೇಲಾಗಿತ್ತು. ಆ ಕೆಲವು ವಾರಗಳಲ್ಲಿ ಬಫಲೋ ನಗರದ ಬೀದಿಗಳು ಉದ್ದವಾಗಿರಲಿಲ್ಲ, ಧೂಳು ಹೆಚ್ಚಾಗಿರಲಿಲ್ಲ. ಹೆಚ್ಚಿನ ಹಣವು ಎಲ್ಲಿಗೆ ಹೋಗತಕ್ಕದ್ದಾಗಿತ್ತೆಂಬುದನ್ನು ವಾಚಕರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಮೇಯರನಿಗೆ ನಿಷೇಧಾಧಿಕಾರವಿತ್ತು. ಸಾಮಾನ್ಯವಾಗಿ ಅದನ್ನು ಬಳಸುವವರು ನಯವಾದ ಮಾತುಗಳಲ್ಲಿ, ತಾಂತ್ರಿಕ ಲೋಪವೊಂದನ್ನು ನೆಪಮಾಡಿಕೊಂಡು, ಯಾರ ಮನಸ್ಸೂ ನೋಯದಂತೆ ಕಾಗದವನ್ನು ಹಿಂದಿರುಗಿಸುತ್ತಾರೆ. ಜೂನ್ 26ರಂದು ಕ್ಲೀವ್‌ಲೆಂಡನು ಕಳುಹಿಸಿದ ಪತ್ರದಲ್ಲಿ ನಯವಿರಲಿಲ್ಲ. ಇದು ಜನರಿಗೆ ದ್ರೋಹ ಬಗೆಯುವ, ಲಜ್ಜೆಗೆಟ್ಟ, ಹಾಡುಹಗಲಿನ ಸಂಚೆಂದು ಅವನು ನೇರವಾಗಿ ಬರೆದನು. ಬಿಚ್ಚಿ ಮಾತಾಡಬೇಕಾದ ಕಾಲವೊಂದುಂಟು, ಈಗ ಅದು ಬಂದಿದೆ ಎಂದನು. ಪತ್ರವು ಊರಿನವರ ಬಾಯಲ್ಲೆಲ್ಲ ಆಡಿತು. ಸಭೆಯು ತನ್ನ ನಿರ್ಣಯವನ್ನು ತಾನೇ ಹಿಂತೆಗೆದುಕೊಂಡಿತು. ಕೈಯೆತ್ತಿದ್ದ ಸದಸ್ಯರಲ್ಲಿ ಬಹುಮಂದಿಯ ಕೈಗಳು ಈಗ ಬೇರೆ ಕಡೆಗೆ ಎದ್ದುವು. ಯುದ್ಧದಲ್ಲಿ ಮಡಿದವರ ಸ್ಮಾರಕ ದಿನಕ್ಕಾಗಿ ಸಭೆಯು ಮಂಜೂರು ಮಾಡಿದ್ದ 500 ಡಾಲರನ್ನೂ, ಕರದ ಹಣವನ್ನು ಹಾಗೆ ಕೊಡಲು ಕಾನೂನಿನಲ್ಲಿ ಅಧಿಕಾರವಿಲ್ಲವೆಂದು ತಡೆದು, ತನ್ನ ಜೇಬಿನಿಂದ ವಂತಿಗೆ ಕೊಟ್ಟವನು ಅವನು. ಚರಂಡಿಯ ದೊಡ್ಡ ಕಾಮಗಾರಿಯನ್ನು ಸದಸ್ಯರ ಕೈಯಿಂದ ಬಿಡಿಸಿ ನಾಗರಿಕರ ಸಮಿತಿಯೊಂದಕ್ಕೆ ಒಪ್ಪಿಸಲು ಹೋರಾಡಿದ್ದೂ ಇದೇ ವರ್ಷದಲ್ಲಿ. ವೀಟೋ ಮೇಯರನೆಂದು ಜನರು ಅವನಿಗೆ ಹೆಸರಿಟ್ಟರು.

ಇಲ್ಲಿ ಒಂದು ಕಾಲಸಾಮ್ಯವನ್ನು ಹೇಳದೆ ಮುಂದೆ ಹೋಗಲು ಮನಸ್ಸೊಪ್ಪುವುದಿಲ್ಲ. ಆ ಪತ್ರಕ್ಕೆ ಸರಿಯಾಗಿ 39 ದಿನಗಳ ಹಿಂದೆ, 1882ರ ಮೇ 18ರಂದು, ಲಾರ್ಡ್ ರಿಪ್ಪನ್ನರ ಸರಕಾರವು ಹಿಂದೂಸ್ಥಾನದ ಸ್ಥಳೀಯ ಸ್ವಯಮಾಡಳಿತದ ನಿರ್ಣಯವನ್ನು ಹೊರಡಿಸಿತ್ತು. ಆಡಳಿತವು ಉತ್ತಮವಾಗಲೆಂಬುದಕ್ಕಿಂತ ಜನರಿಗೆ ರಾಜಕೀಯ ಶಿಕ್ಷಣವಾಗಲೆಂಬುದೇ ಅದರ ಮುಖ್ಯೋದ್ದೇಶವೆಂದು ನಿರ್ಣಯವು ಸ್ಪಷ್ಟವಾಗಿ ಹೇಳಿತ್ತು. ಆ ಶಾಲೆಯಲ್ಲಿ ಓದಿದವರು ಸಾಮಾನ್ಯರಲ್ಲ. ರಾಜಗೋಪಾಲಾಚಾರ್ಯರು 1917ರಲ್ಲಿ ಸೇಲಂ ಪುರಸಭೆಯ ಅಧ್ಯಕ್ಷರಾದರು, ಜವಾಹರಲಾಲರು 1923ರಲ್ಲಿ ಅಲಹಾಬಾದಿನಲ್ಲಿ, ವಲ್ಲಭಭಾಯಿಯವರು 1924ರಲ್ಲಿ ಅಹಮದಾಬಾದಿನಲ್ಲಿ. ಪಟ್ನಾ ಪುರಸಭೆಯ ಕುರ್ಚಿಯಲ್ಲಿ ಕುಳಿತಿದ್ದ ರಾಜೇಂದ್ರ ಪ್ರಸಾದರು 1950ರಲ್ಲಿ ಗಣರಾಜ್ಯದ ಪ್ರಥಮ ರಾಷ್ಟ್ರಪತಿಗಳಾದರು. ಸ್ವಾತಂತ್ರ್ಯ ಬಂದ ಮೇಲೆ ನಾವು ಈ ಶಾಲೆಯನ್ನು ಹೇಗೆ ಕಂಡೆವು? ಅವಧಿ ಮುಗಿಯುವುದರೊಳಗೆ ಪುರಸಭೆಗೆ ಚುನಾವಣೆ ನಡೆಯತಕ್ಕದ್ದೆಂದು ಸಂವಿಧಾನದ 74ನೆಯ ತಿದ್ದುಪಡಿಯು 1993ರಿಂದ ವಿಧಿಸಿದೆ. ಆದರೂ ಬೆಂಗಳೂರಿನ ಮಹಾನಗರಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ತೀರಿದ ಬಳಿಕ ಐದು ವರ್ಷಗಳು ಚುನಾಯಿತ ಸಭೆಯಿಲ್ಲದೆಯೇ ಕಳೆದುಹೋದುವು. ಬೀದಿ ಗುಡಿಸುವ ಗುತ್ತಿಗೆಗಳು ಮಾತ್ರ ಆ ಐದು ವರ್ಷಗಳಲ್ಲಿ ನಿಂತಿರಲಿಲ್ಲ. ಗುತ್ತಿಗೆಯನ್ನು ತಡೆಯುವ ಮೇಯರನೂ ಇಲ್ಲ, ಅದನ್ನು ಕೊಟ್ಟು ಜನರಿಗೆ ಉತ್ತರ ಹೇಳಬೇಕಾದ ಸದಸ್ಯನೂ ಇಲ್ಲ ಎಂಬ ಸ್ಥಿತಿಯಲ್ಲಿ ಯಾರು ಯಾವ ಪಾಠವನ್ನು ಕಲಿಯುವರು?

ಬಫಲೋ ನಗರಕ್ಕೆ ಹಿಂದಿರುಗೋಣ. ಬೀದಿಯ ಗುತ್ತಿಗೆಯ ಸುದ್ದಿ ಸಂಸ್ಥಾನದ ತುಂಬ ಹರಡಿತು. ಸೆಪ್ಟೆಂಬರಿನಲ್ಲಿ ಸೇರಿದ ಡೆಮೊಕ್ರಾಟಿಕ್ ಪಕ್ಷದ ಸಮ್ಮೇಳನವು ಇಬ್ಬರು ಪ್ರಬಲರ ಜಗಳದ ನಡುವೆ ಈ ಮೂರನೆಯವನನ್ನು ನ್ಯೂಯಾರ್ಕ್ ಸಂಸ್ಥಾನದ ಗವರ್ನರ್ ಸ್ಥಾನಕ್ಕೆ ಆರಿಸಿತು. ಎದುರು ಪಕ್ಷವು ಒಳಜಗಳದಿಂದ ಒಡೆದಿತ್ತು. ಸುಮಾರು 1,92,000 ಮತಗಳ ಬಹುಮತದಿಂದ ಅವನು ಗೆದ್ದನು. ಇದೆಲ್ಲವೂ ಸದ್ಗುಣದ ಫಲವೆಂದು ಹೇಳಿದರೆ ನಾವು ಪುರಾಣ ಹೇಳಿದಂತಾದೀತು. ಅದೃಷ್ಟದ ಪಾಲು ದೊಡ್ಡದಾಗಿತ್ತು. ಆದರೆ ಅದೃಷ್ಟವು ಬಾಗಿಲು ತಟ್ಟಿದಾಗ ತೋರಿಸುವುದಕ್ಕೆ ಅವನ ಬಳಿ ಒಂದು ಪತ್ರವಿತ್ತು.

ಗವರ್ನರನಾಗಿ ಅವನು ಮಾಡಿದ ಕೆಲಸಗಳಲ್ಲಿ ಒಂದು ನಮ್ಮನ್ನು ಯೋಚನೆಗೆ ಹಚ್ಚುತ್ತದೆ. ನ್ಯೂಯಾರ್ಕ್ ನಗರದಲ್ಲಿ ಕಂಬಗಳ ಮೇಲೆ ಓಡುವ ರೈಲಿನ ದರವನ್ನು ಹತ್ತು ಸೆಂಟಿನಿಂದ ಐದಕ್ಕೆ ಇಳಿಸುವ ಮಸೂದೆಯನ್ನು 1883ರಲ್ಲಿ ಶಾಸನಸಭೆ ಅಂಗೀಕರಿಸಿತು. ರೈಲು ಜೇ ಗೂಲ್ಡ್ ಎಂಬ ಕೋಟ್ಯಧೀಶನದು. ಅವನ ಮೇಲೆ ಜನರಿಗೆ ಕಡುದ್ವೇಷ. ಸಹಿ ಹಾಕಿದ್ದರೆ ಗವರ್ನರನನ್ನು ಹೊತ್ತು ಮೆರೆಯಿಸುತ್ತಿದ್ದರು. ಸರಕಾರವು ಕಂಪೆನಿಗೆ ಕೊಟ್ಟ ಕರಾರನ್ನು ತಾನೇ ಮುರಿಯಬಾರದೆಂದು ಹೇಳಿ ಅವನು ಮಸೂದೆಯನ್ನು ತಿರಸ್ಕರಿಸಿದನು. ಮಸೂದೆಗೆ ಮತಕೊಟ್ಟಿದ್ದ ಎದುರು ಪಕ್ಷದ ತರುಣ ಸದಸ್ಯನೊಬ್ಬನು ಎದ್ದು ನಿಂತು, ತಾನು ತಪ್ಪಿದೆನೆಂದು ಒಪ್ಪಿಕೊಂಡು, ಗವರ್ನರನನ್ನು ಬೆಂಬಲಿಸಿದನು. ಆ ತರುಣನು ಮುಂದೆ ತಾನೂ ಅಧ್ಯಕ್ಷನಾದ ಥಿಯೋಡೋರ್ ರೂಸ್‌ವೆಲ್ಟ್. ಗುತ್ತೇದಾರನಿಗೆ ಇಲ್ಲವೆನ್ನಲು ಧೈರ್ಯ ಬೇಕು. ಜನಸಮೂಹಕ್ಕೆ ಇಲ್ಲವೆನ್ನಲು ಇನ್ನೂ ಹೆಚ್ಚಿನ ಧೈರ್ಯ ಬೇಕು. ಟ್ಯಾಮನಿ ಎಂಬ ನ್ಯೂಯಾರ್ಕ್ ನಗರದ ಬಲಿಷ್ಠ ಪಕ್ಷಕೂಟದ ಮುಖಂಡರಿಗೂ ಅವನು ಇಲ್ಲವೆಂದನು. ಅವರ ವೈರವೇ 1884ರ ಚಿಕಾಗೋ ಸಮ್ಮೇಳನದಲ್ಲಿ ಅವನಿಗೆ ಶಿಫಾರಸಾಯಿತು. ಅಧಿಕಾರವು ಜನರ ನ್ಯಾಸವೆಂಬ ಘೋಷಣೆಯು ಆ ಚುನಾವಣೆಯಲ್ಲಿ ದೇಶವೆಲ್ಲ ಮೊಳಗಿತು. ಅದನ್ನು ಅವನ ಭಾಷಣಗಳಿಂದ ಭಟ್ಟಿಯಿಳಿಸಿ ಆ ರೂಪ ಕೊಟ್ಟವನು ಒಬ್ಬ ಪತ್ರಿಕೋದ್ಯೋಗಿಯೆಂಬುದನ್ನು, ನಮ್ಮ ವೃತ್ತಿಯ ಅಭಿಮಾನದಿಂದ, ಇಲ್ಲಿ ಸೇರಿಸುತ್ತೇವೆ.

ಅದೇ ಚುನಾವಣೆಯಲ್ಲಿ ಅವನ ಹಳೆಯ ಅಪರಾಧವೊಂದು ಹೊರಬಿದ್ದಿತು. ಬಫಲೋದಲ್ಲಿ ಮರಿಯಾ ಹಾಲ್ಪಿನ್ ಎಂಬ ವಿಧವೆಗೆ ಹುಟ್ಟಿದ ಮಗುವಿಗೆ ಅವನೇ ತಂದೆಯೆಂದು ಪತ್ರಿಕೆಯೊಂದು ಪ್ರಕಟಿಸಿತು. ಏನು ಮಾಡಬೇಕೆಂದು ಕೇಳಿದ ಮಿತ್ರರಿಗೆ ನಿಜವನ್ನೇ ಹೇಳಿರೆಂದು ಅವನು ತಂತಿ ಕಳುಹಿಸಿದನು. ಈ ಉತ್ತರವನ್ನು ಸತ್ಯಸಂಧತೆಯ ಮಾದರಿಯೆಂದು ಹೊಗಳುವುದು ಬಹುಕಾಲ ವಾಡಿಕೆಯಾಗಿತ್ತು. ನಾವು ಅಷ್ಟು ದೂರ ಹೋಗಲಾರೆವು. ತನ್ನ ಮೇಲೆ ಬಲಾತ್ಕಾರ ನಡೆಯಿತೆಂದು ಆ ಹೆಂಗಸು ಪ್ರಮಾಣಪತ್ರ ಬರೆದುಕೊಟ್ಟಿದ್ದಳು. ಮಗುವನ್ನು ಅವಳಿಂದ ಬೇರ್ಪಡಿಸಿದ್ದರು, ಅವಳನ್ನು ಹುಚ್ಚರ ಆಸ್ಪತ್ರೆಗೂ ಒಯ್ದಿದ್ದರು. ಅವಳ ಮಾತನ್ನು ಅಂದು ಕೇಳುವವರಿರಲಿಲ್ಲ. ನ್ಯೂಯಾರ್ಕ್ ಸಂಸ್ಥಾನದಲ್ಲಿ ಸುಮಾರು ಒಂದು ಸಾವಿರ ಮತಗಳ ಅಂತರದಿಂದ ಗೆದ್ದು ಅವನು ಅಧ್ಯಕ್ಷನಾದನು.

ಬಫಲೋದ ಮೇಯರನೇ ಅಧ್ಯಕ್ಷಭವನಕ್ಕೂ ಬಂದನೆನ್ನಬೇಕು. ಅಂತರ್ಯುದ್ಧದ ಸೈನಿಕರ ಹೆಸರಿನಲ್ಲಿ ಕಾಂಗ್ರೆಸ್ ಸಭೆಯು ಖಾಸಗಿ ಪಿಂಚಣಿ ಮಸೂದೆಗಳನ್ನು ಹಿಂಡುಹಿಂಡಾಗಿ ಅಂಗೀಕರಿಸುತ್ತಿತ್ತು. ಅಧ್ಯಕ್ಷನು ರಾತ್ರಿ ಬಹಳ ಹೊತ್ತು ಎಚ್ಚರವಿದ್ದು ಒಂದೊಂದನ್ನೂ ಓದಿ, ಸುಳ್ಳೆಂದು ಕಂಡವುಗಳನ್ನು ಹಿಂದಿರುಗಿಸಿದನು. ಮೊದಲ ನಾಲ್ಕು ವರ್ಷಗಳಲ್ಲಿ ಅವನು ತಡೆದ ಮಸೂದೆಗಳು 414; ಅವನ ಹಿಂದಿನ ಅಧ್ಯಕ್ಷರೆಲ್ಲರೂ ಸೇರಿ ತಡೆದಿದ್ದವುಗಳ ಸುಮಾರು ಎರಡರಷ್ಟು.

ಈ ನಾನ್ನೂರರಲ್ಲಿ ಒಂದರ ಮುಂದೆ ನಾವು ನಿಲ್ಲಬೇಕಾಗಿದೆ. ಟೆಕ್ಸಸ್ ಸಂಸ್ಥಾನದ ಕೆಲವು ಜಿಲ್ಲೆಗಳಲ್ಲಿ ಮಳೆ ತಪ್ಪಿ ಬೆಳೆ ಸುಟ್ಟುಹೋಗಿತ್ತು. ಬಿತ್ತುವುದಕ್ಕೆ ಬೀಜವೂ ಉಳಿಯದ ರೈತರಿಗೆ ಬೀಜವನ್ನು ಕೊಂಡು ಹಂಚಲು ಕಾಂಗ್ರೆಸ್ ಸಭೆಯು 10,000 ಡಾಲರನ್ನು ಮಂಜೂರು ಮಾಡಿತು. ಬಫಲೋದ ಬೀದಿಗಳ ಗುತ್ತಿಗೆಯಲ್ಲಿ ಕದಿಯಲು ಹೊರಟಿದ್ದ ಹಣದ ಹತ್ತನೆಯ ಒಂದು ಭಾಗಕ್ಕಿಂತಲೂ ಇದು ಕಡಿಮೆ. 1887ರ ಫೆಬ್ರವರಿ 16ರಂದು ಕ್ಲೀವ್‌ಲೆಂಡನು ಇದನ್ನೂ ತಡೆದನು. ಜನರು ಸರಕಾರವನ್ನು ಸಾಕಬೇಕೇ ಹೊರತು ಸರಕಾರವು ಜನರನ್ನು ಸಾಕಬಾರದು, ಅಂಥ ಸಹಾಯದಿಂದ ಜನರ ಸ್ವಾವಲಂಬನೆ ಕುಗ್ಗುತ್ತದೆ ಎಂದು ಕಾರಣ ಕೊಟ್ಟನು. ಟೆಕ್ಸಸ್ ಸಂಸ್ಥಾನವು ತನ್ನ ಬೊಕ್ಕಸದಿಂದ ಒಂದು ಲಕ್ಷ ಡಾಲರು ಕೊಟ್ಟಿತು, ಧರ್ಮಿಷ್ಠರೂ ಕೊಟ್ಟರು. ಇದನ್ನೇ ತೋರಿಸಿ ಅಧ್ಯಕ್ಷನು ಮಾಡಿದ್ದು ಸರಿಯೆಂದು ವಾದಿಸುವವರು ಇಂದಿಗೂ ಇದ್ದಾರೆ.

ನಾವು ಒಪ್ಪುವುದಿಲ್ಲ. ಈ ಸಿದ್ಧಾಂತದ ಪರಿಚಯ ನಮ್ಮ ನಾಡಿಗೆ ಅಮೆರಿಕೆಗಿಂತ ಹತ್ತು ವರ್ಷ ಮೊದಲೇ ಆಗಿತ್ತು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ, ಬೊಕ್ಕಸವನ್ನು ಉಳಿಸಬೇಕೆಂದೂ ಜನರು ಸೋಮಾರಿಗಳಾಗಬಾರದೆಂದೂ ಸರ್ ರಿಚರ್ಡ್ ಟೆಂಪಲ್ಲರು ದುಡಿಯುವ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಲೆಕ್ಕದಲ್ಲಿ ಕೂಲಿಯನ್ನು ಇಳಿಸಿದರು. 1871ರ ಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸೀಮೆಯ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಟೆಂಪಲ್ಲರು ಪರಕೀಯ ಸರಕಾರದ ಸೇವಕರು, ಕ್ಲೀವ್‌ಲೆಂಡನು ಜನರಿಂದ ಆರಿಸಲ್ಪಟ್ಟವನು. ಟೆಕ್ಸಸಿನ ಕಷ್ಟವೂ ನಮ್ಮ ಕ್ಷಾಮದಷ್ಟು ಘೋರವಾಗಿರಲಿಲ್ಲ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೆ ಕಳ್ಳನ ಕೈಗೂ ಹಸಿದವನ ಕೈಗೂ ವ್ಯತ್ಯಾಸ ಕಾಣದ ಮಿತವ್ಯಯವು ಯಾರದಾದರೂ ಒಂದೇ.

ಬಫಲೋದಲ್ಲಿ ಅವನಿಗೆ ಈ ವ್ಯತ್ಯಾಸವನ್ನು ಕಲಿಸುವವರು ಯಾರಿದ್ದರು? ಮೇಯರನಾಗಿ ಅವನು ಕುಳಿತದ್ದು ಒಂದು ವರ್ಷ. ಗವರ್ನರನಾಗಿ ಎರಡು ವರ್ಷ. ಆ ಅಲ್ಪಕಾಲದಲ್ಲಿ ಅವನ ಮೇಜಿಗೆ ಬಂದು ಅವನಿಗೆ ಕೀರ್ತಿ ತಂದ ಕಾಗದಗಳೆಲ್ಲ ತಡೆಯತಕ್ಕವುಗಳೇ ಆಗಿದ್ದುವು. ಇಲ್ಲವೆಂದು ಬರೆದಾಗಲೆಲ್ಲ ಮೆಟ್ಟಿಲೊಂದು ಮೇಲಕ್ಕೆ ಒಯ್ದಿತು. ಪ್ಲೇಗು ಬಂದ ಅಹಮದಾಬಾದಿನಲ್ಲಿ ಊರು ಬಿಡದೆ ನಿಂತ, 1927ರ ಪ್ರವಾಹದಲ್ಲಿ ಪರಿಹಾರದ ಕೆಲಸ ನಡೆಯಿಸಿದ ವಲ್ಲಭಭಾಯಿಯವರಿಗೆ ಪುರಸಭೆಯು ಕೊಡುವುದನ್ನೂ ಕಲಿಸಿತ್ತು. ಕ್ಲೀವ್‌ಲೆಂಡನಿಗೆ ಅಂಥ ಪರೀಕ್ಷೆ ಒದಗಲಿಲ್ಲ.

ಉಳಿದುದನ್ನು ಬೇಗ ಹೇಳಬಹುದು. ಆಮದು ಸುಂಕವನ್ನು ಇಳಿಸಬೇಕೆಂದು ಹಟ ಹಿಡಿದು, 1888ರಲ್ಲಿ ಎದುರಾಳಿಗಿಂತ ಹೆಚ್ಚು ಜನರ ಮತ ಪಡೆದರೂ ಸಂಸ್ಥಾನಗಳ ಲೆಕ್ಕದಲ್ಲಿ ಸೋತನು. 1892ರಲ್ಲಿ ಮರಳಿ ಗೆದ್ದನು. 1893ರಲ್ಲಿ ಬ್ಯಾಂಕುಗಳು ಬಿದ್ದು ಲಕ್ಷಾಂತರ ಜನರು ಕೆಲಸ ಕಳೆದುಕೊಂಡಾಗ, ನೆರವು ಕೊಡುವುದು ಸರಕಾರದ ಕೆಲಸವಲ್ಲವೆಂಬ ಹಳೆಯ ಉತ್ತರವೇ ಅವನಲ್ಲಿತ್ತು. 1894ರಲ್ಲಿ ರೈಲ್ವೆ ಕಾರ್ಮಿಕರ ಮುಷ್ಕರವನ್ನು ಮುರಿಯಲು, ಆ ಸಂಸ್ಥಾನದ ಗವರ್ನರನು ಬೇಡವೆಂದರೂ, ಚಿಕಾಗೋ ನಗರಕ್ಕೆ ಸೈನ್ಯವನ್ನು ನುಗ್ಗಿಸಿದನು. 1896ರಲ್ಲಿ ಅವನ ಪಕ್ಷವೇ ಅವನನ್ನು ಕೈಬಿಟ್ಟಿತು.

ಆದರೆ ಅದೇ ಎರಡನೆಯ ಅವಧಿಯಲ್ಲಿ ಬಫಲೋದ ಮೇಯರನು ಇನ್ನೊಮ್ಮೆ ಪೂರ್ಣವಾಗಿ ಕಾಣಿಸಿಕೊಂಡನು. ಹವಾಯಿ ದ್ವೀಪಗಳಲ್ಲಿ ಅಮೆರಿಕೆಯ ಕಬ್ಬಿನ ತೋಟಗಾರರೂ ವರ್ತಕರೂ ಸೇರಿ, ಅಮೆರಿಕೆಯ ರಾಯಭಾರಿಯ ಕುಮ್ಮಕ್ಕಿನಿಂದಲೂ ನಾವಿಕಸೈನಿಕರ ಬೆದರಿಕೆಯಿಂದಲೂ 1893ರ ಜನವರಿಯಲ್ಲಿ ರಾಣಿ ಲಿಲಿಯುಓಕಲಾನಿಯನ್ನು ಪದಚ್ಯುತಗೊಳಿಸಿ, ದೇಶವನ್ನು ಅಮೆರಿಕೆಗೆ ಒಪ್ಪಿಸುವ ಕರಾರನ್ನು ಸಿದ್ಧಪಡಿಸಿದ್ದರು. ಮಾರ್ಚಿಯಲ್ಲಿ ಅಧಿಕಾರಕ್ಕೆ ಬಂದ ಕ್ಲೀವ್‌ಲೆಂಡನು ಆ ಕರಾರನ್ನು ಸೆನೆಟ್ ಸಭೆಯಿಂದ ಹಿಂದಕ್ಕೆ ತರಿಸಿ, ವಿಚಾರಣೆಗೆ ಒಬ್ಬನನ್ನು ಕಳುಹಿಸಿ, ದುರ್ಬಲವಾದ ಮಿತ್ರರಾಷ್ಟ್ರವೊಂದಕ್ಕೆ ನಮ್ಮವರಿಂದ ಅನ್ಯಾಯವಾಗಿದೆಯೆಂದು ಡಿಸೆಂಬರಿನಲ್ಲಿ ತನ್ನ ದೇಶದ ಸಭೆಗೇ ಬರೆದನು. ದೊಡ್ಡ ರಾಷ್ಟ್ರಗಳು ಆಫ್ರಿಕಾ ಏಷ್ಯಾಗಳನ್ನು ಹಂಚಿಕೊಳ್ಳುತ್ತಿದ್ದ ಕಾಲದಲ್ಲಿ, ಕೈಗೆ ಬಂದ ದೇಶವನ್ನು ಬೇಡವೆಂದ ಅಧಿಕಾರಿಯು ನಮಗೆ ಬೇರೊಬ್ಬನು ತೋರುವುದಿಲ್ಲ. ರಾಣಿಯನ್ನು ಮರಳಿ ಪೀಠಕ್ಕೆ ತರಲು ಅವನಿಂದಾಗಲಿಲ್ಲ. ಚಿಕಾಗೋಗೆ ಕಳುಹಿಸಿದಂತೆ ಅಲ್ಲಿಗೆ ಸೈನ್ಯವನ್ನು ಕಳುಹಿಸಲೂ ಇಲ್ಲ. ಅವನು ಇರುವವರೆಗೆ ಕರಾರಿಗೆ ಸಹಿ ಬೀಳಲಿಲ್ಲ. 1898ರ ಜುಲೈಯಲ್ಲಿ ಮುಂದಿನ ಅಧ್ಯಕ್ಷನು ಹವಾಯಿಯನ್ನು ಸೇರಿಸಿಕೊಂಡನು. ಪ್ರಿನ್ಸ್‌ಟನ್ ಊರಿನಲ್ಲಿ ನಿವೃತ್ತನಾಗಿದ್ದ ಕ್ಲೀವ್‌ಲೆಂಡನು ಆ ದಿನಗಳಲ್ಲೇ ತನ್ನ ಹಿಂದಿನ ಮಂತ್ರಿಯೊಬ್ಬನಿಗೆ ಪತ್ರ ಬರೆದು, ಈ ವ್ಯವಹಾರವೆಲ್ಲದರ ವಿಷಯವಾಗಿ ತನಗೆ ನಾಚಿಕೆಯಾಗಿದೆಯೆಂದು ತಿಳಿಸಿದನು.